ಮಗನಿಗೆ ಅಂತ ಹೇಳಿ ತರಬೇಡಿ

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಪ್ರೌಢಶಾಲೆ ಶಿಕ್ಷಕಿ, ವಯಸ್ಸು 35. ಮನೆಯಲ್ಲಿ ನಮ್ಮ ಯಜಮಾನರು, ಅತ್ತೆ, ಒಂಬತ್ತು ವರ್ಷದ ಮಗ. ಬೇಸಿಗೆ ರಜೆಯಲ್ಲಿ ಬೆಂಗಳೂರಿನ ತಮ್ಮನ ಮನೆಗೆ ಹೋದಾಗ ಅವನ ಪ್ಲೇಸ್ಟೇಷನ್ 5ರಲ್ಲಿ (ಟಿವಿಗೆ ಜೋಡಿಸಿ ಆಡುವ ವಿಡಿಯೊ ಗೇಮ್ ಪೆಟ್ಟಿಗೆ) ‘ಘೋಸ್ಟ್ ಆಫ್ ಟ್ಸುಶಿಮಾ’ ಆಡಿದೆ. ಚಿಕ್ಕವಳಿದ್ದಾಗ ಅಣ್ಣ, ತಮ್ಮನ ಜೊತೆ ಕ್ಯಾಸೆಟ್ ವಿಡಿಯೊ ಗೇಮ್‌ನಲ್ಲಿ ಮಾರಿಯೋ, ಕಾಂಟ್ರಾ ಆಡಿದವಳು ನಾನು. ಮದುವೆಯಾದ ಮೇಲೆ ಎಲ್ಲ ಬಿಟ್ಟುಹೋಗಿತ್ತು, ಈಗ ಅದೇ ಹುಚ್ಚು ಮತ್ತೆ ಹತ್ತಿದೆ. ಸಂಬಳದಲ್ಲಿ ಉಳಿಸಿ ಕಟ್ಟಿದ ಚೀಟಿಯ 70 ಸಾವಿರ ಕೈಗೆ ಬಂದಿದೆ, ಅದರಲ್ಲಿ ನನಗೇ ಒಂದು ಪ್ಲೇಸ್ಟೇಷನ್ 5 ತಗೊಳ್ಳೋ ಆಸೆ. ಮನೆ ಸಾಲ ಬಿಟ್ಟರೆ ಬೇರೆ ಸಾಲವಿಲ್ಲ. ಅತ್ತೆ ‘ಒಂದು ಜೊತೆ ಓಲೆ ಮಾಡಿಸ್ಕೋ’ ಅಂತಾರೆ. ಇವರು ‘ಬೇಕಾದ್ರೆ ತಗೋ, ಆದ್ರೆ ಮಗನಿಗೆ ಅಂತ ಹೇಳು, ಅಮ್ಮ ಏನೂ ಅನ್ನಲ್ಲ’ ಅಂತಾರೆ. ನಾದಿನಿ ಅಂತೂ ‘ಆನ್‌ಲೈನ್ ಗೇಮ್ ಆಡಿ ಮನೆಮಠ ಕಳ್ಕೊಂಡೋರಿದಾರೆ ಅತ್ತಿಗೆ’ ಅಂತ ಹೆದರಿಸಿಬಿಟ್ಟಳು. ಈ ವಯಸ್ಸಿಗೆ ಇದು ಬೇಕಾ? ಚಟ ಆಗಿಬಿಡುತ್ತಾ? ತಗೊಳ್ಳಲಾ, ಬೇಡವಾ?
(ಹೆಸರು ಬೇಡ, ಶಿವಮೊಗ್ಗ)

ಉತ್ತರ: ತಗೊಳ್ಳಿ. ಮಗನಿಗೆ ಅಂತ ಮಾತ್ರ ಹೇಳಬೇಡಿ.

ನಿಮ್ಮ ಯಜಮಾನರು ಒಳ್ಳೆಯ ಮನಸ್ಸಿನಿಂದಲೇ ಆ ಉಪಾಯ ಹೇಳಿದ್ದಾರೆ. ಮನೆಯಲ್ಲಿ ಮಾತು ಬೆಳೆಯಬಾರದು ಅನ್ನೋದಷ್ಟೇ ಅವರ ಆಸೆ. ಆದರೆ ಆ ಸುಳ್ಳು ಎಷ್ಟು ದಿನ ಬಾಳುತ್ತೆ, ಸ್ವಲ್ಪ ಯೋಚಿಸಿ. ಡಬ್ಬ ಬಿಚ್ಚಿದ ದಿನದಿಂದಲೇ ಅದು ನಿಮ್ಮ ಮಗನ ಸ್ವತ್ತು. ಶನಿವಾರ ಮಧ್ಯಾಹ್ನ ಅವನ ಸ್ನೇಹಿತರೆಲ್ಲ ಹಾಲ್‌ನಲ್ಲಿ ಕೂತಿರುತ್ತಾರೆ, ನೀವು ಅವರಿಗೆ ಚುರುಮುರಿ ಕಲಸಿಕೊಡುತ್ತಾ ನಿಮ್ಮ ಪಾಳಿ ಕಾಯುತ್ತೀರಿ. ರಾತ್ರಿ ನೀವು ಕೈಗೆತ್ತಿಕೊಂಡರೆ ‘ಮಗು ಆಟದ ಸಾಮಾನು ಇವಳಿಗ್ಯಾಕೆ’ ಅಂತ ಅತ್ತೆಗೆ ಅನ್ನಿಸುತ್ತೆ. ಅವರಿಗೆ ಹೇಳಿದ್ದು ಹಾಗೇ ಅಲ್ವಾ, ತಪ್ಪು ಅವರದಲ್ಲ. ಇನ್ನು ಮಗನಿಗೆ ಗಣಿತದಲ್ಲಿ ಅಂಕ ಕಡಿಮೆ ಬಂದ ದಿನ ಮೊದಲು ಅಟ್ಟ ಸೇರುವುದೇ ಆ ಪೆಟ್ಟಿಗೆ. ಅವನ ಭಾಗಾಕಾರ ತಪ್ಪಾಗಿದ್ದಕ್ಕೆ ನಿಮ್ಮ ಆಟ ನಿಂತುಹೋಗುತ್ತೆ.

ಇನ್ನೊಂದು ಮಾತು. ನಿಮಗೆ ಹುಚ್ಚು ಹಿಡಿಸಿದ ಆ ಆಟ 18 ವರ್ಷ ಮೇಲ್ಪಟ್ಟವರಿಗೆ. 1274ರಲ್ಲಿ ಮಂಗೋಲರು ಜಪಾನಿನ ಟ್ಸುಶಿಮಾ ದ್ವೀಪಕ್ಕೆ ನುಗ್ಗಿದ ಕಥೆ ಅದು. ದಾರಿ ತೋರಿಸಲು ಬಾಣದ ಗುರುತಿಲ್ಲ, ಗಾಳಿ ಬೀಸಿದ ಕಡೆ ಕುದುರೆ ಓಡಿಸಬೇಕು, ಮೊಣಕಾಲುದ್ದ ಹುಲ್ಲು ಆ ಕಡೆಗೇ ಬಾಗುತ್ತೆ. ನಿಮಗೆ ಮರಳು ಹಿಡಿದದ್ದು ಯಾಕೆ ಅಂತ ನನಗೆ ಚೆನ್ನಾಗಿ ಗೊತ್ತಾಗುತ್ತೆ. ಆದರೆ ಅಷ್ಟೇ ಚೆಂದದ ಹುಲ್ಲಿನ ಮೇಲೆ ಧಾರಾಳವಾಗಿ ರಕ್ತವೂ ಚೆಲ್ಲುತ್ತೆ. ಒಂಬತ್ತು ವರ್ಷದ ಹುಡುಗನ ಪಕ್ಕ ಕೂತು ಆಡುವಂಥದ್ದಲ್ಲ. ಅಂದಮೇಲೆ ‘ಮಗನ ಮೆಷಿನ್’ನಲ್ಲಿ ನಿಮಗೆ ಬೇಕಾದ ಆಟವನ್ನೇ ಹಾಕುವ ಹಾಗಿಲ್ಲ.

ಆ ಯಂತ್ರವೂ ಈ ವ್ಯವಸ್ಥೆ ಒಪ್ಪುವುದಿಲ್ಲ. ಚಿಕ್ಕ ಮಕ್ಕಳಿಗೆ ಅದರಲ್ಲಿ ತಾವಾಗಿ ಖಾತೆ ತೆರೆಯಲು ಬರೋದಿಲ್ಲ. ದೊಡ್ಡವರೊಬ್ಬರು ತಮ್ಮ ಖಾತೆ ತೆರೆದು, ಅದರ ಕೆಳಗೆ ಮಗುವಿನದ್ದನ್ನು ಸೇರಿಸಬೇಕು. ಆ ದೊಡ್ಡವರು ನೀವೇ ಆಗಿ. ಮಗ ದಿನಕ್ಕೆ ಎಷ್ಟು ಹೊತ್ತು ಆಡಬಹುದು, ಯಾವ ವಯಸ್ಸಿನ ಆಟ ತೆರೆಯಬಹುದು, ಎಷ್ಟು ದುಡ್ಡು ಖರ್ಚು ಮಾಡಬಹುದು ಎಲ್ಲವನ್ನೂ ನಿಮ್ಮ ಖಾತೆಯಿಂದಲೇ ನಿಗದಿ ಮಾಡಬಹುದು. ಖರ್ಚಿನ ಮಿತಿಯನ್ನು ಸೊನ್ನೆಯಲ್ಲೇ ಇಡಿ. ಫುಟ್‌ಬಾಲ್ ಆಟದಲ್ಲಿ ಆಟಗಾರರ ಪ್ಯಾಕ್, ಇನ್ನೊಂದರಲ್ಲಿ ಬಣ್ಣಬಣ್ಣದ ವೇಷ, ಹೀಗೆ ಆಟದೊಳಗೇ ಅಂಗಡಿ ತೆರೆದಿರುತ್ತಾರೆ. ನಿಮ್ಮ ಕಾರ್ಡ್ ನಂಬರ್ ಅಲ್ಲಿ ಉಳಿದಿದ್ದರೆ ಮಗುವಿಗೆ ಒಂದು ಬಟನ್ ಒತ್ತುವ ಕೆಲಸ ಅಷ್ಟೇ.

ನಿಮ್ಮ ನಾದಿನಿ ಹೆದರಿದ್ದು ಸುಮ್ಮನೆ ಅಲ್ಲ, ಆದರೆ ಆ ಹೆದರಿಕೆಯ ವಿಳಾಸ ಬೇರೆ. ಅವರು ಕೇಳಿರುವುದು ದುಡ್ಡು ಕಟ್ಟಿ ಆಡುವ ರಮ್ಮಿ, ಬೆಟ್ಟಿಂಗ್ ಥರದವುಗಳ ಕಥೆ. ದುಡ್ಡು ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯ್ದೆಯನ್ನೇ ಮಾಡಿದೆ. ಒಬ್ಬರೇ ಕೂತು ಕಥೆ ಆಡಿಕೊಂಡು ಹೋಗುವ ಟ್ಸುಶಿಮಾದಲ್ಲಿ ಪಣವೂ ಇಲ್ಲ, ಪಣ ಕಟ್ಟಿ ಕೂತ ಎದುರಾಳಿಯೂ ಇಲ್ಲ.

ಚಟದ ಪ್ರಶ್ನೆಗೆ ನೇರವಾಗಿ ಬರುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ಗೇಮಿಂಗ್ ಕಾಯಿಲೆಯೂ ಇದೆ. ಆಟ ಕೈಮೀರಬೇಕು, ಉಳಿದೆಲ್ಲ ಕೆಲಸಕ್ಕಿಂತ ಅದೇ ಮುಖ್ಯವಾಗಬೇಕು, ಹಾಳಾಗುತ್ತಿದ್ದೇನೆ ಅಂತ ಗೊತ್ತಿದ್ದೂ ಬಿಡಲಾಗದಿರಬೇಕು, ಇದು ಸಾಮಾನ್ಯವಾಗಿ ಒಂದು ವರ್ಷ ಮುಂದುವರಿದಿರಬೇಕು. ಆಗ ಅದನ್ನು ಕಾಯಿಲೆ ಅನ್ನುತ್ತಾರೆ. ರಾತ್ರಿ ಒಂದು ಗಂಟೆ ಕುದುರೆ ಓಡಿಸಿ ಬೆಳಿಗ್ಗೆ ಎದ್ದು ತಿಂಡಿ ಮಾಡಿ ಶಾಲೆಗೆ ಹೋಗುವ ಟೀಚರಮ್ಮನಿಗೆ ಆ ಹೆಸರು ಅಂಟುವುದಿಲ್ಲ. ಮನೆಯಲ್ಲಿ ಯಾರಿಗಾದರೂ ಹಾಗಾಗುತ್ತಿದೆ ಅನ್ನಿಸಿದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ‘ಶಟ್’ ಅನ್ನುವ ಕ್ಲಿನಿಕ್ 2014ರಿಂದ ಇದೆ.

‘ಈ ವಯಸ್ಸಿಗೆ ಬೇಕಾ’ ಅಂತ ಕೇಳಿದ್ದೀರಿ. ನಿಮ್ಮ ಯಜಮಾನರು ತಮ್ಮ ದುಡ್ಡಿನಲ್ಲಿ ದೊಡ್ಡ ಬೈಕ್ ತಂದು ನಿಲ್ಲಿಸಿದ್ದರೆ ಈ ಅಂಕಣಕ್ಕೆ ಪತ್ರ ಬರೆಯುತ್ತಿದ್ದರಾ? ಅದಕ್ಕಿಂತ ಹೆಚ್ಚು ನಾನೇನೂ ಹೇಳುವುದಿಲ್ಲ.

ಇನ್ನು ದುಡ್ಡಿನ ಲೆಕ್ಕ. ಇಲ್ಲಿ ಅತ್ತೆಯ ಮಾತಿನಲ್ಲಿ ಹುರುಳಿದೆ. ಓಲೆ ಕಷ್ಟಕ್ಕಾಗುತ್ತೆ, ಪ್ಲೇಸ್ಟೇಷನ್ ಆಗಲ್ಲ. ಎರಡು ವರ್ಷ ಬಿಟ್ಟು ಮಾರಲು ಹೋದರೆ ಕೇಳಿದ ಬೆಲೆಗೆ ಕೊಟ್ಟು ಬರಬೇಕಾಗುತ್ತೆ. ಹಾಗಾಗಿ ಇದನ್ನು ಖರ್ಚು ಅಂತಲೇ ಬರೆದುಕೊಳ್ಳಿ, ‘ಮಗನ ಬುದ್ಧಿ ಚುರುಕಾಗುತ್ತೆ’ ಅಂತೆಲ್ಲ ಸಬೂಬು ಹುಡುಕಬೇಡಿ. 2024ರ ಏಪ್ರಿಲ್‌ನಲ್ಲಿ ಈಗಿನ ಸ್ಲಿಮ್ ಮಾದರಿ ಭಾರತಕ್ಕೆ ಬಂದಾಗ ಡಿಸ್ಕ್ ಹಾಕುವಂಥದ್ದು ₹54,990, ಡಿಸ್ಕ್ ಇಲ್ಲದೆ ಆಟವನ್ನು ಇಂಟರ್ನೆಟ್‌ನಿಂದಲೇ ಇಳಿಸಿಕೊಳ್ಳುವ ಡಿಜಿಟಲ್ ₹44,990 ಇತ್ತು. ಈಗಿನ ಬೆಲೆ ಅಂಗಡಿಯಲ್ಲಿ ಕೇಳಿ. ಹಬ್ಬದ ಹೊತ್ತಿಗೆ ಸಾಮಾನ್ಯವಾಗಿ ಇಳಿಸುತ್ತಾರೆ.

ಹತ್ತು ಸಾವಿರ ಉಳಿಯುತ್ತೆ ಅಂತ ಡಿಜಿಟಲ್ ತಗೊಳ್ಳುವವರೇ ಆಮೇಲೆ ಕೈ ಕೈ ಹಿಸುಕಿಕೊಳ್ಳೋದು. ಹೊಸ ದೊಡ್ಡ ಆಟ ಒಂದಕ್ಕೆ ಸುಮಾರು ಐದು ಸಾವಿರ. ಡಿಜಿಟಲ್‌ನಲ್ಲಿ ಕೊಂಡ ಆಟವನ್ನು ಆಡಿ ಮುಗಿಸಿದ ಮೇಲೆ ಮಾರಲಾಗದು, ಯಾರಿಗೂ ಕೊಡಲೂ ಆಗದು. ಡಿಸ್ಕ್ ಆದರೆ ನಿಮ್ಮ ತಮ್ಮ ಆಡಿ ಮುಗಿಸಿದ್ದನ್ನು ನೀವು ತರಬಹುದು, ನಿಮ್ಮದನ್ನು ಅವನಿಗೆ ಕಳಿಸಬಹುದು. ಬೆಂಗಳೂರಿನಲ್ಲಿ ಆಡಿದ ಡಿಸ್ಕ್‌ಗಳನ್ನು ಕೊಂಡು ಮಾರುವ ಅಂಗಡಿಗಳೂ ಇವೆ. ನಿಮ್ಮಂಥವರಿಗೆ ಡಿಸ್ಕ್ ಮಾದರಿಯೇ ಸರಿ. ತಿಂಗಳ ಚಂದಾ ಕಟ್ಟುವ ಪ್ಲೇಸ್ಟೇಷನ್ ಪ್ಲಸ್ ಸದ್ಯಕ್ಕೆ ಬೇಡ. ಕೊಂಡ ಆಟವನ್ನು ಆನ್‌ಲೈನ್‌ನಲ್ಲಿ ಬೇರೆಯವರ ಜೊತೆ ಆಡಲು ಅದು ಬೇಕಾಗುತ್ತೆ, ಒಬ್ಬರೇ ಆಡುವ ಕಥೆಗೆ ಬೇಡ. ‘ನೋ ಕಾಸ್ಟ್ ಇಎಂಐ’ ಅಂದರೂ ಬಲೆಗೆ ಬೀಳಬೇಡಿ, ಬಡ್ಡಿಯ ಭಾಗದ ಮೇಲಿನ ಜಿಎಸ್‌ಟಿ ನಿಮ್ಮ ತಲೆಗೇ ಬರುತ್ತೆ. ಚೀಟಿ ದುಡ್ಡು ಕೈಯಲ್ಲೇ ಇದೆಯಲ್ಲ.

ಅಂದಹಾಗೆ, ಟ್ಸುಶಿಮಾ ಒಂದೇ ಸಾಕು ಅನ್ನುವುದಾದರೆ ಪ್ಲೇಸ್ಟೇಷನ್ 5 ಬೇಕಾಗಿಯೇ ಇಲ್ಲ. 2020ರಲ್ಲಿ ಅದು ಬಂದದ್ದೇ ಹಿಂದಿನ ಪ್ಲೇಸ್ಟೇಷನ್ 4ಕ್ಕೆ, ಸೆಕೆಂಡ್ ಹ್ಯಾಂಡ್ ಪ್ಲೇಸ್ಟೇಷನ್ 4 ಬಹಳ ಕಡಿಮೆಗೆ ಸಿಗುತ್ತೆ. ಆದರೆ ಅದರ ಮುಂದಿನ ಆಟ ‘ಘೋಸ್ಟ್ ಆಫ್ ಯೋಟೆ’ 2025ರ ಅಕ್ಟೋಬರ್‌ನಲ್ಲಿ ಪ್ಲೇಸ್ಟೇಷನ್ 5ಕ್ಕೆ ಮಾತ್ರ ಬಂತು. ಅದರಲ್ಲಿ ಕತ್ತಿ ಹಿಡಿದವಳು ಆಟ್ಸು ಅನ್ನುವ ಹೆಣ್ಣುಮಗಳು. ನಿಮ್ಮ ಪತ್ರ ಓದಿದ ಮೇಲೆ ನೀವು ಹಳೆಯದರಲ್ಲಿ ನಿಲ್ಲುವವರಲ್ಲ ಅಂತ ನನ್ನ ಅಂದಾಜು.

ದುಡ್ಡಿಗಿಂತ ದೊಡ್ಡ ತಕರಾರು ನಿಮ್ಮ ಹಾಲ್‌ನಲ್ಲಿದೆ. ಒಂದೇ ಟಿವಿ ಇದ್ದರೆ ಸಂಜೆ ಆರರಿಂದ ಹತ್ತರವರೆಗೆ ಅದು ಯಾರ ಟಿವಿ ಅಂತ ಕೇಳಬೇಕಾ? ಅತ್ತೆಯ ಧಾರಾವಾಹಿಗೆ ಅಡ್ಡ ಹೋಗಬೇಡಿ, ಯಾವ ಗೇಮ್‌ನ ಯಾವ ರಾಕ್ಷಸನಿಗೂ ಅಷ್ಟು ಬಲವಿಲ್ಲ. ನಿಮ್ಮ ಹೊತ್ತು ಹತ್ತರ ಮೇಲೆ, ಮಗ ಮಲಗಿದ ಮೇಲೆ. ಇಲ್ಲವೆಂದರೆ ವೈಫೈ ಮೂಲಕ ಅದೇ ಆಟವನ್ನು ಲ್ಯಾಪ್‌ಟಾಪ್‌ಗೋ ಫೋನ್‌ಗೋ ತಂದುಕೊಂಡು ಕೋಣೆಯಲ್ಲಿ ಆಡಬಹುದು. ಅದರ ಹೆಸರು ರಿಮೋಟ್ ಪ್ಲೇ, ಅದಕ್ಕೆ ಬೇರೆ ದುಡ್ಡಿಲ್ಲ. ಟಿವಿಯ ಹಿಂದೆ ಎಚ್‌ಡಿಎಂಐ ಪೋರ್ಟ್ (ಕೇಬಲ್ ಚುಚ್ಚುವ ಕಿಂಡಿ) ಎಷ್ಟಿದೆ ಈಗಲೇ ನೋಡಿ, ಒಂದನ್ನು ಸೆಟ್‌ಟಾಪ್ ಬಾಕ್ಸ್ ಹಿಡಿದಿರುತ್ತೆ. ಫುಲ್ ಎಚ್‌ಡಿ ಟಿವಿ ಇದ್ದರೆ ಅದೇ ಸಾಕು, ಇದರ ನೆಪದಲ್ಲಿ 4ಕೆ ಟಿವಿ ತರಲು ಹೋಗಬೇಡಿ. ಪೆಟ್ಟಿಗೆಯನ್ನು ಶೋಕೇಸ್‌ನ ಗಾಜಿನ ಬಾಗಿಲ ಹಿಂದೆ ಗೊಂಬೆಗಳ ಜೊತೆ ಕೂರಿಸಬೇಡಿ. ಬಿಸಿಗಾಳಿ ಹೊರಗೆ ಹೋಗದೆ ಕುದಿಯುತ್ತೆ. ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟ್ ಹೋಗಿ ಬರುವ ಪರಿ ನನಗೂ ಗೊತ್ತಿದೆ, ಒಂದು ಯುಪಿಎಸ್ ಇದ್ದರೆ ವಾಸಿ. ದೊಡ್ಡ ಆಟ ಒಂದೊಂದೂ 50ರಿಂದ 100 ಜಿಬಿ ತಿನ್ನುತ್ತೆ, ಡಿಸ್ಕ್ ಹಾಕಿದರೂ ಅಪ್‌ಡೇಟ್ ಇಳಿಸಿಕೊಳ್ಳಬೇಕು. ಮನೆಗೆ ಫೈಬರ್ ಇಲ್ಲದೆ ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕ್ ನಂಬಿಕೊಂಡರೆ ಒಂದು ಆಟ ಇಳಿಯುವಷ್ಟರಲ್ಲಿ ತಿಂಗಳು ಕಳೆದಿರುತ್ತೆ.

ಇಷ್ಟೆಲ್ಲ ಆದ ಮೇಲೂ ಅನುಮಾನ ಉಳಿದಿದ್ದರೆ ದಸರಾ ರಜೆಗೆ ತಮ್ಮನ ಪೆಟ್ಟಿಗೆಯನ್ನೇ ಎರವಲು ತಂದುಬಿಡಿ. ಉತ್ತರಪತ್ರಿಕೆಗಳ ಕಂತೆ, ಹಬ್ಬದ ಅಡಿಗೆ, ನೆಂಟರು ಇಷ್ಟರ ನಡುವೆಯೂ ನೀವು ಅದರ ಮುಂದೆ ಕೂತಿರೋ, ಇಲ್ಲ ಅದು ಧೂಳು ಹಿಡಿಯಿತೋ, ರಜೆ ಮುಗಿಯುವಷ್ಟರಲ್ಲಿ ಗೊತ್ತಾಗುತ್ತೆ. ಎರಡನೆಯದಾದರೆ ಓಲೆಗೆ ಅಳತೆ ಕೊಡಿ, ಬೇಜಾರಿಲ್ಲ.

ಮಗನಿಗೂ ಪಾಲಿರಲಿ. ಯಂತ್ರದ ಜೊತೆಗೇ ‘ಆ್ಯಸ್ಟ್ರೋಸ್ ಪ್ಲೇರೂಮ್’ ಅನ್ನುವ ಮುದ್ದಾದ ಆಟ ಪುಕ್ಕಟೆ ಬರುತ್ತೆ, ಭಾನುವಾರ ಬೆಳಿಗ್ಗೆ ಅವನು ಅದನ್ನು ಆಡಲಿ. ಯಜಮಾನರಿಗೆ ‘ಇಟ್ ಟೇಕ್ಸ್ ಟು’ ತಂದುಕೊಡಿ. ಇಬ್ಬರಿದ್ದರೆ ಮಾತ್ರ ಆಡಲಾಗುವ ಆಟ ಅದು, ವಿಚ್ಛೇದನದ ಹೊಸ್ತಿಲಲ್ಲಿ ನಿಂತ ಗಂಡ ಹೆಂಡತಿ ಗೊಂಬೆಗಳಾಗಿಬಿಡುವ ಕಥೆ. ನಿಮ್ಮ ಮನೆಗೆ ಆ ಕಥೆ ಬೇಡ, ಆದರೆ ಸೋಫಾ ಮೇಲೆ ಪಕ್ಕದಲ್ಲಿ ಕೂತು ‘ಅಯ್ಯೋ, ಹಾರೂ ಅಂದ್ರೆ ಹಾರ್ಬೇಕಲ್ರೀ’ ಅಂತ ನೀವು ಬೈಯುವ ಅವಕಾಶ ಮತ್ತೆಲ್ಲಿ ಸಿಗುತ್ತೆ?

ಅತ್ತೆಗೆ ಪೆಟ್ಟಿಗೆ ಬರುವ ಮೊದಲೇ ಹೇಳಿ, ಬಂದ ಮೇಲಲ್ಲ. ಗಂಡನನ್ನು ಮುಂದೆ ಬಿಡಬೇಡಿ, ನೀವೇ ಹೇಳಿ. ‘ಅತ್ತೆ, ಚೀಟಿ ದುಡ್ಡಲ್ಲಿ ನನಗೋಸ್ಕರ ಒಂದು ಗೇಮ್ ತಗೋತಿದೀನಿ. ನಿಮ್ಮ ಧಾರಾವಾಹಿ ಹೊತ್ತಲ್ಲಿ ಟಿವಿ ಮುಟ್ಟಲ್ಲ. ಓಲೆಗೆ ಮುಂದಿನ ಚೀಟಿ ಹಾಕ್ತೀನಿ’ ಅಂದರೆ ಸಾಕು. ಎರಡು ದಿನ ಮುಖ ಊದಿಸಿಕೊಳ್ಳಬಹುದು, ಊದಿಸಿಕೊಳ್ಳಲಿ. ಅಂಗಡಿಯಲ್ಲಿ ಬಿಲ್ ನಿಮ್ಮ ಹೆಸರಿಗೇ ಮಾಡಿಸಿ. ವಾರಂಟಿ ಒಂದು ವರ್ಷ ಇರುತ್ತೆ, ಸರ್ವಿಸ್‌ಗೆ ಹೋದಾಗ ಮೊದಲು ಕೇಳುವುದೇ ಆ ಬಿಲ್ಲನ್ನು.