ಅಕ್ಕ ಟಿಕೆಟ್ ತೆಗೆದಿಟ್ಟಿದ್ದಾಳೆ, ಕಂಟ್ರಿ ಸಂಗೀತ ನನಗೆ ಗೊತ್ತಿಲ್ಲ: ಹೋಗಲೇ?

ನಿಮ್ಮ ಪ್ರಶ್ನೆ ಓದಿದೆ. ಅಮೆರಿಕದ ಡೆನ್ವರ್‌ನಲ್ಲಿರುವ ನಿಮ್ಮ ಅಕ್ಕ ರೆಡ್ ರಾಕ್ಸ್ ಬಯಲು ರಂಗಮಂದಿರದಲ್ಲಿ ನಡೆಯುವ ಕಂಟ್ರಿ ಸಂಗೀತ ಕಾರ್ಯಕ್ರಮಕ್ಕೆ ಎರಡು ಟಿಕೆಟ್ ತೆಗೆದಿಟ್ಟಿದ್ದಾಳೆ. ನಿಮಗೆ ಆ ಸಂಗೀತದ ಗಂಧಗಾಳಿಯಿಲ್ಲ, ಮೂರು ನಾಲ್ಕು ಗಂಟೆ ಬಯಲಿನಲ್ಲಿ ಕೂರಬೇಕು, ಸುತ್ತಲೂ ಅಪರಿಚಿತ ಜನ. ಹೋಗಲೇ ಅಥವಾ ಬೇಡವೆನ್ನಲೇ ಎಂದು ಕೇಳಿದ್ದೀರಿ. ಖಂಡಿತ ಹೋಗಿ. 2022ರ ಜೂನ್‌ನಲ್ಲಿ ನಾನೂ ಹೀಗೆಯೇ ಅಳುಕುತ್ತಾ ಅದೇ ಜಾಗಕ್ಕೆ ಹೋಗಿದ್ದೆ. ಕರೆದುಕೊಂಡು ಹೋದವಳು ನನಗಿಂತ ಆರು ವರ್ಷ ದೊಡ್ಡವಳಾದ ನನ್ನ ಅಕ್ಕ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಜಾಗದ ವಿಷಯದಲ್ಲಿ ನಿಮಗೆ ಚಿಂತೆಯೇ ಬೇಡ. ಮಾರಿಸನ್ ಎಂಬ ಪುಟ್ಟ ಊರಿನ ಬಳಿ, ಎರಡು ಬೃಹತ್ ಕೆಂಬಂಡೆಗಳ ನಡುವಿನ ಇಳಿಜಾರಿನಲ್ಲಿ ಎಪ್ಪತ್ತು ಸಾಲು ಆಸನಗಳನ್ನು ಕೂರಿಸಿದ್ದಾರೆ. ಒಂದು ಬಂಡೆಯ ಹೆಸರು ಶಿಪ್ ರಾಕ್, ಇನ್ನೊಂದು ಕ್ರಿಯೇಷನ್ ರಾಕ್. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸವಿಲ್ಲದ ಯುವಕರಿಗೆಂದು ಸರ್ಕಾರ ಕಟ್ಟಿದ ದುಡಿಮೆಯ ಪಡೆಯ ಹುಡುಗರು ಕಲ್ಲು ಹೊತ್ತು ಕಟ್ಟಿದ ಜಾಗ ಅದು, 1941ರಲ್ಲಿ ತೆರೆಯಿತು. ಒಂಬತ್ತು ಸಾವಿರಕ್ಕಿಂತ ಹೆಚ್ಚು ಜನ ಹಿಡಿಸುತ್ತಾರೆ. ನೀವು ಕೂರುವುದು ಪೂರ್ವಕ್ಕೆ ಮುಖ ಮಾಡಿ. ಸೂರ್ಯ ನಿಮ್ಮ ಬೆನ್ನ ಹಿಂದೆ ಮುಳುಗುತ್ತಾನೆ, ಎದುರಿಗೆ ವೇದಿಕೆಯ ಆಚೆ ಬಯಲುಸೀಮೆ ಕಪ್ಪಾಗುತ್ತಾ ಡೆನ್ವರ್‌ನ ದೀಪಗಳು ಒಂದೊಂದಾಗಿ ಹತ್ತಿಕೊಳ್ಳುತ್ತವೆ. ಒಂದು ಹಾಡೂ ಕೇಳದಿದ್ದರೂ ಇದನ್ನು ನೋಡಲೆಂದೇ ಹೋಗಬಹುದು.

ಎತ್ತರವನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಮೇಲಿನ ಸಾಲು 6,450 ಅಡಿ ಎತ್ತರದಲ್ಲಿದೆ, ಎಂದರೆ ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತಲೂ ತುಸು ಮೇಲೆ. ಊರಿನಿಂದ ಬಂದ ಮೂರನೆಯ ದಿನಕ್ಕೇ ಹೋಗಿದ್ದ ನನಗೆ ಮೆಟ್ಟಿಲು ಹತ್ತುವಷ್ಟರಲ್ಲಿ ತಲೆ ಭಾರವಾಗಿತ್ತು. ಆದಷ್ಟೂ ಒಂದು ವಾರ ಕಳೆದ ಮೇಲೆ ಹೋಗಿ, ಬೆಳಗಿನಿಂದಲೇ ನೀರು ಕುಡಿಯುತ್ತಿರಿ. ಆಸನಗಳಿಗೆ ಒರಗು ಇಲ್ಲ, ದಿಂಬು ಬೇಕು. ಹಗಲು ಬಿಸಿಲು ಸುಟ್ಟರೂ ರಾತ್ರಿ ಸ್ವೆಟರ್ ಬೇಕಾಗುತ್ತದೆ. ಮಳೆ ಬಂದರೂ ಕಾರ್ಯಕ್ರಮ ನಡೆಯುತ್ತದೆ, ಕೊಡೆ ಬಿಡಿಸಲು ಬಿಡುವುದಿಲ್ಲ. ರೇನ್‌ಕೋಟ್ ಮರೆಯಬೇಡಿ. ಚೀಲದ ಅಳತೆ, ತಿಂಡಿ ಇತ್ಯಾದಿಗಳ ನಿಯಮ ಟಿಕೆಟ್ ಜೊತೆ ಬಂದಿರುತ್ತದೆ, ಓದಿಕೊಳ್ಳಿ.

ಇನ್ನು ಸಂಗೀತ. ನಾನು ಹೋದಾಗ ಕಂಟ್ರಿ ಎಂದರೆ ಕುದುರೆ, ಟೋಪಿ, ಟ್ರಕ್ಕು ಎಂದಷ್ಟೇ ತಿಳಿದುಕೊಂಡಿದ್ದೆ. ಆ ತಿಳಿವಳಿಕೆ ತಪ್ಪು ಎಂದು ಈಗ ಖಚಿತವಾಗಿ ಹೇಳಬಲ್ಲೆ. ಅದು ಬಡವರ ಸಂಗೀತ, ಹಲವು ಕಡೆಯಿಂದ ಬಂದವರ ಸಂಗೀತ. ಪಿಟೀಲು ಸ್ಕಾಟ್ಲೆಂಡ್, ಐರ್ಲೆಂಡ್‌ಗಳಿಂದ ವಲಸೆ ಬಂದವರ ಜೊತೆ ಪೂರ್ವ ಅಮೆರಿಕದ ಅಪಲಾಚಿಯನ್ ಬೆಟ್ಟಗಳಿಗೆ ಬಂತು. ಬ್ಯಾಂಜೋದ ಮೂಲ ಆಫ್ರಿಕಾ, ಗುಲಾಮರಾಗಿ ಒಯ್ಯಲ್ಪಟ್ಟವರು ನೆನಪಿನಿಂದ ಕಟ್ಟಿಕೊಂಡ ವಾದ್ಯ. ಸ್ಟೀಲ್ ಗಿಟಾರ್ ಹವಾಯಿ ದ್ವೀಪಗಳದ್ದು. 1925ರಲ್ಲಿ ನ್ಯಾಶ್ವಿಲ್‌ನ ರೇಡಿಯೋದಲ್ಲಿ ಗ್ರ್ಯಾಂಡ್ ಓಲ್ ಓಪ್ರಿ ಎಂಬ ಕಂಟ್ರಿ ಹಾಡುಗಳ ಕಾರ್ಯಕ್ರಮ ಶುರುವಾಯಿತು. 1927ರ ಬೇಸಿಗೆಯಲ್ಲಿ ಟೆನೆಸ್ಸಿ, ವರ್ಜೀನಿಯಾ ಗಡಿಯ ಬ್ರಿಸ್ಟಲ್ ಎಂಬ ಊರಿಗೆ ಧ್ವನಿಮುದ್ರಣದ ಯಂತ್ರ ತಂದ ರಾಲ್ಫ್ ಪಿಯರ್, ಬೆಟ್ಟದಿಂದಿಳಿದು ಬಂದ ಕಾರ್ಟರ್ ಕುಟುಂಬದ ಹಾಡನ್ನೂ ರೈಲ್ವೆ ಕೆಲಸ ಮಾಡಿದ್ದ ಜಿಮ್ಮಿ ರಾಜರ್ಸ್‌ನ ಹಾಡನ್ನೂ ಮುದ್ರಿಸಿಕೊಂಡ. ದುಡಿಮೆ, ಸಾವು, ರೈಲು, ಬಿಟ್ಟು ಬಂದ ಮನೆ: ಇಂದಿಗೂ ಆ ಹಾಡುಗಳ ಬೇರು ಇವುಗಳಲ್ಲೇ ಇದೆ.

ರಾಗದ ವಿಸ್ತಾರವನ್ನು ನಿರೀಕ್ಷಿಸಿ ಕುಳಿತರೆ ಬೇಸರವಾದೀತು. ಎಷ್ಟೋ ಹಾಡುಗಳು ಒಟ್ಟಿಗೆ ನುಡಿಸುವ ಸ್ವರಗಳ ಮೂರೇ ಗುಂಪುಗಳಲ್ಲಿ ಮುಗಿಯುತ್ತವೆ. ಕಿವಿಯನ್ನು ಮಾತಿನ ಕಡೆ ಇಡಿ. ಪ್ರತಿ ಚರಣದಲ್ಲೂ ಕಥೆ ಒಂದು ಹೆಜ್ಜೆ ಮುಂದೆ ಹೋಗುತ್ತದೆ, ಪಲ್ಲವಿ ಮಾತ್ರ ಬದಲಾಗುವುದಿಲ್ಲ. ಮೊದಲ ಸಲ ಪ್ರೇಮದ ಮಾತಾಗಿ ಕೇಳಿದ ಸಾಲು ಮೂರನೆಯ ಚರಣದ ನಂತರ ತೀರಿಕೊಂಡ ತಂದೆಯ ಬಗ್ಗೆ ಎಂದು ಹೊಳೆಯುತ್ತದೆ. ಅಕ್ಷರವೂ ಬದಲಾಗದೆ ಅರ್ಥ ಬದಲಾಗುವ ಈ ಕುಶಲತೆ ನನಗೆ ತುಂಬಾ ಹಿಡಿಸಿತು. ಹೋಗುವ ಮುಂಚೆ ಆ ಗಾಯಕರ ಐದಾರು ಹಾಡುಗಳ ಸಾಹಿತ್ಯ ಓದಿಕೊಂಡು ಹೋಗಿ. ಉಚ್ಚಾರಣೆ ಮೊದಲ ಸಲ ತಲೆಗೆ ಹತ್ತುವುದಿಲ್ಲ.

ನಾವು ಹೋದ ದಿನ ಮೊದಲ ತಂಡ ಹಾಡುತ್ತಿರುವಾಗಲೇ ಪಶ್ಚಿಮದ ಬೆಟ್ಟಗಳ ಮೇಲೆ ಗುಡುಗು ಕೇಳಿಸಿತು. ಬೇಸಿಗೆಯ ಮಧ್ಯಾಹ್ನ, ಸಂಜೆಗಳಲ್ಲಿ ಅಲ್ಲಿ ಇದು ಸಾಮಾನ್ಯ. ಮಿಂಚು ಹತ್ತಿರವಾಗುತ್ತಿದೆ, ಎಲ್ಲರೂ ಕಾರುಗಳಿಗೆ ಹೋಗಿ ಕಾಯಿರಿ ಎಂದು ಧ್ವನಿವರ್ಧಕದಲ್ಲಿ ಹೇಳಿದರು. ತಲೆನೋವಿನಲ್ಲಿದ್ದ ನನಗೆ ಮನೆಗೇ ಹೋಗೋಣ ಎನಿಸಿತು. ಅಕ್ಕ ಕೇಳಲಿಲ್ಲ. ಕಾರಿನಲ್ಲಿ ಕೂತು ಚಿತ್ರಾನ್ನದ ಡಬ್ಬಿ ತೆಗೆದಳು. ಗಾಜಿನ ಮೇಲೆ ಮಳೆ ರಾಚುತ್ತಿತ್ತು. "ನಿನಗೆ ಈ ಹಾಡುಗಳ ಹುಚ್ಚು ಯಾವಾಗ ಹಿಡಿಯಿತು?" ಎಂದು ಕೇಳಿದೆ. ಅವಳು ಅಮೆರಿಕಕ್ಕೆ ಹೋಗಿ ಒಂಬತ್ತು ವರ್ಷವಾಗಿತ್ತು, ಇಷ್ಟು ದಿನ ಈ ಪ್ರಶ್ನೆ ನಾನು ಕೇಳಿರಲೇ ಇಲ್ಲ.

ಅಕ್ಕ ಫಿಸಿಯೋಥೆರಪಿಸ್ಟ್. ಮೊದಲ ಕೆಲಸ ಸಿಕ್ಕಿದ್ದು ನೆಬ್ರಾಸ್ಕಾದ ನಾರ್ತ್ ಪ್ಲ್ಯಾಟ್ ಎಂಬ ರೈಲ್ವೆ ಊರಿನಲ್ಲಿ. ಜಗತ್ತಿನ ಅತಿ ದೊಡ್ಡ ರೈಲ್ವೆ ಯಾರ್ಡ್ ಅಲ್ಲಿದೆ, ಅದರ ಸುತ್ತ ಮೆಕ್ಕೆಜೋಳದ ಹೊಲ ಮತ್ತು ಆಕಾಶ. ಕನ್ನಡ ಮಾತನಾಡುವವರು ಅವಳಿಗೆ ಅಲ್ಲಿ ಒಬ್ಬರೂ ಸಿಗಲಿಲ್ಲ. ಪ್ರತಿ ಭಾನುವಾರ ಫೋನಿನಲ್ಲಿ ಅಮ್ಮನಿಗೆ ಅವಳು ಹೇಳುತ್ತಿದ್ದದ್ದು "ಎಲ್ಲಾ ಚೆನ್ನಾಗಿದೆ" ಎಂಬ ಒಂದೇ ಮಾತು. ಆ ಚಳಿಗಾಲ ಕೆಲಸ ಮುಗಿಸಿ ಕಾರಿನಲ್ಲಿ ಕೂತರೆ ಮನೆಗೆ ಹೋಗಲು ಮನಸ್ಸಾಗುತ್ತಿರಲಿಲ್ಲವಂತೆ. ಎಂಜಿನ್ ಚಾಲೂ ಇಟ್ಟುಕೊಂಡು ಹಿಮದಲ್ಲಿ ರೇಡಿಯೋ ಕೇಳುತ್ತಾ ಕೂರುತ್ತಿದ್ದಳಂತೆ. ರೇಡಿಯೋದಲ್ಲಿ ಬರುತ್ತಿದ್ದದ್ದು ಬಹುಪಾಲು ಇದೇ ಹಾಡು.

ಅವಳ ಬಳಿ ಬರುತ್ತಿದ್ದವರಲ್ಲಿ ರೈಲ್ವೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದರು. ಸೊಂಟದ ಶಸ್ತ್ರಚಿಕಿತ್ಸೆಯಾದ ಮೇಲೆ ನಡೆಯಲು ಹೆದರುತ್ತಿದ್ದರು. ಹೆಜ್ಜೆಗೆ ಲಯ ಸಿಕ್ಕರೆ ಕಾಲು ಧೈರ್ಯ ಮಾಡುತ್ತದೆ ಎಂಬುದು ಅವಳ ವೃತ್ತಿಯವರೆಲ್ಲ ಬಲ್ಲ ವಿಷಯ. ಅಕ್ಕ ಅಭ್ಯಾಸಬಲದಿಂದ ಮೆಲುದನಿಯಲ್ಲಿ ಕನ್ನಡದಲ್ಲೇ "ಒಂದು, ಎರಡು" ಎಂದು ಎಣಿಸುತ್ತಿದ್ದಳು. ಅದೇನು ಭಾಷೆ ಎಂದು ಅವರು ಕೇಳಿದರು. ಮರುದಿನದಿಂದ ಅವರೇ "ಒಂದು, ಎರಡು" ಎನ್ನತೊಡಗಿದರು, ಅದಕ್ಕೆ ತಮ್ಮ ರೈಲಿನ ಹಾಡೊಂದನ್ನು ಹೊಂದಿಸಿಕೊಂಡರು. ಎರಡೆರಡು ಏಟಿನ ಹಾಡುಗಳು ನಡಿಗೆಗೆ ಹೊಂದುತ್ತವೆ, ವಾಲ್ಟ್ಸ್ ಎಂಬ ಕುಣಿತದ ಮೂರೇಟು ಬಂದರೆ ಕಾಲು ತೊಡರುತ್ತದೆ. ಯಾವ ಹಾಡು ಯಾವ ಕಾಲಿಗೆ ಎಂದು ಹುಡುಕುತ್ತಾ ಹುಡುಕುತ್ತಾ ಅವಳು ನೂರಾರು ಹಾಡು ಕಲಿತಳು. ಅವರು ಕೋಲು ಬಿಟ್ಟು ನಡೆದ ದಿನ ಅಕ್ಕ ಕಾರಿನಲ್ಲಿ ಕೂತು ಅತ್ತಳಂತೆ. ಅದನ್ನೂ ಫೋನಿನಲ್ಲಿ ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ. ಆ ಮಾತು ನನ್ನನ್ನು ಇಂದಿಗೂ ಚುಚ್ಚುತ್ತದೆ.

ಒಂದು ಗಂಟೆಯ ಮೇಲೆ ಮತ್ತೆ ಕರೆದರು. ಒದ್ದೆ ಆಸನದ ಮುಂದೆ ಏನು ಮಾಡುವುದೆಂದು ನಿಂತಿದ್ದಾಗ ಹಿಂದಿನ ಸಾಲಿನ ವಯಸ್ಸಾದ ದಂಪತಿ ತಮ್ಮ ಟವೆಲಿನಿಂದ ನಮ್ಮ ಜಾಗವನ್ನೂ ಒರೆಸಿಕೊಟ್ಟರು. ಅಲ್ಲಿ ಬೇರೆಯವರಾಗಿ ಕಾಣುತ್ತೇವೆಯೇ ಎಂದು ನೀವು ಕೇಳಿದ್ದೀರಿ. ಕಾಣುತ್ತೇವೆ, ನಮ್ಮಂಥ ಮುಖಗಳು ಬೆರಳೆಣಿಕೆಯಷ್ಟೇ ಇದ್ದವು. ಆದರೆ ಆ ಸಂಜೆ ಯಾರೂ ನಮ್ಮನ್ನು ಹೊರಗಿನವರಂತೆ ನಡೆಸಿಕೊಳ್ಳಲಿಲ್ಲ. ಈ ಸಂಗೀತವೂ ಒಂದೇ ಬಣ್ಣದವರ ಸೊತ್ತಲ್ಲ. ಮಿಸಿಸಿಪ್ಪಿಯ ಹತ್ತಿ ಹೊಲಗಳಿಂದ ಬಂದ ಕಪ್ಪು ಗಾಯಕ ಚಾರ್ಲಿ ಪ್ರೈಡ್ 1971ರಲ್ಲೇ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್‌ನ ವರ್ಷದ ಕಲಾವಿದನೆಂಬ ಗೌರವ ಪಡೆದಿದ್ದರು. ಬಿಯರ್ ವಾಸನೆ ಇರುತ್ತದೆ, ಮುಂದಿನ ಸಾಲಿನವರು ಎದ್ದು ನಿಂತು ಕುಣಿಯುತ್ತಾರೆ. ನೀವೂ ಎದ್ದು ನಿಲ್ಲಿ, ಅಷ್ಟೇ.

ಪೆಡಲ್ ಸ್ಟೀಲ್ ಗಿಟಾರ್ ನುಡಿಸುವವರನ್ನು ತಪ್ಪದೆ ಗಮನಿಸಿ. ಕಾಲಿರುವ ಚೌಕಟ್ಟಿನ ಮೇಲೆ ಮಲಗಿಸಿದ ಹತ್ತು ತಂತಿಗಳು. ಎಡಗೈಯ ಉಕ್ಕಿನ ತುಂಡು ತಂತಿಗಳ ಮೇಲೆ ಜಾರುತ್ತದೆ, ಪಾದ ಪೆಡಲ್ ಒತ್ತುತ್ತದೆ, ಮೊಣಕಾಲು ಸನ್ನೆಕೋಲುಗಳನ್ನು ದೂಡುತ್ತದೆ. ಸ್ವರದಿಂದ ಸ್ವರಕ್ಕೆ ಅದು ಜಾರುವ ರೀತಿ ಕೇಳಿ ನನಗೆ ವೀಣೆಯಂಥ ನಮ್ಮ ಗೋಟುವಾದ್ಯ ನೆನಪಾಯಿತು. ಎರಡು ಬಂಡೆಗಳ ನಡುವೆ ಆ ದನಿ ನಿಂತೇ ಇರುತ್ತದೆ ಎನಿಸುತ್ತದೆ.

ನಿಧಾನದ ಹಾಡೊಂದು ಬಂತು. ಅಕ್ಕ ನನ್ನ ಕಿವಿಯಲ್ಲಿ "ಇದು ನಡೆಯುವ ಹಾಡಲ್ಲ, ತಿಶ್ರ, ಮೂರೇಟು" ಎಂದಳು. ಆಮೇಲೆ ಹಾಡತೊಡಗಿದಳು. ಸಾಗರದ ಮನೆಯಲ್ಲಿ ಹತ್ತು ವರ್ಷ ಸಂಗೀತ ಕಲಿತು, ಕಾಲೇಜಿಗೆ ಸೇರಿದ ಮೇಲೆ ಬಾಯಿಯನ್ನೇ ತೆರೆಯದಿದ್ದವಳು. ಸಾವಿರಾರು ಜನರ ದನಿಯ ನಡುವೆ ಅವಳ ದನಿ ನನಗೆ ಬೇರೆಯಾಗಿ ಕೇಳುತ್ತಿತ್ತು. ಚಿಕ್ಕವರಿದ್ದಾಗ ಬಯಲಾಟ ನೋಡಲು ಹೋಗಿ ಒಂದೇ ಕಂಬಳಿಯಲ್ಲಿ ಕೂತು, ನನಗೆ ನಿದ್ದೆ ಬಂದಾಗ ಅವಳು ಭಾಗವತರ ಪದವನ್ನು ಹೀಗೆಯೇ ಗುನುಗುತ್ತಿದ್ದಳು.

ಇಳಿಯುವಾಗ ಕತ್ತಲು, ಮೆಟ್ಟಿಲು ಒದ್ದೆ, ನನ್ನ ಮೊಣಕಾಲು ನಡುಗುತ್ತಿತ್ತು. ಅಕ್ಕ ನನ್ನ ಮುಂಗೈ ಹಿಡಿದು "ಒಂದು, ಎರಡು" ಎಂದು ಎಣಿಸುತ್ತಾ ಇಳಿಸಿದಳು. ಪಾರ್ಕಿಂಗ್‌ನಿಂದ ಹೊರಬೀಳಲು ಇನ್ನೂ ಮುಕ್ಕಾಲು ಗಂಟೆ ಹಿಡಿಯಿತು. ಆ ಹೊತ್ತಿಗೆಂದು ಚಿತ್ರಾನ್ನ ಸ್ವಲ್ಪ ಉಳಿಸಿಕೊಂಡಿರಿ, ಯಾವ ಹಾಡು ಎಲ್ಲಿಂದ ಬಂತು ಎಂದು ನಿಮ್ಮ ಅಕ್ಕನನ್ನು ಕೇಳಿ.