ಅಡುಗೆಮನೆ ಪ್ರಶ್ನೋತ್ತರ: ಗೆಣಸಿನ ಪೈ ಕೆಡುವುದೆಲ್ಲಿ?

ಪ್ರಶ್ನೆ: ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮಾಡುವ ಗೆಣಸಿನ ಪೈ (ಮೈದಾ ಹಿಟ್ಟಿನ ತಳಕ್ಕೆ ಹೂರಣ ತುಂಬಿ ಓವನ್‌ನಲ್ಲಿ ಬೇಯಿಸುವ ಸಿಹಿ ತಿನಿಸು) ಮಾಡಿದೆ. ಗೆಣಸನ್ನು ಹೆಚ್ಚಿ ನೀರಿನಲ್ಲಿ ಬೇಯಿಸಿದ್ದೆ. ಹೂರಣ ನೀರುನೀರಾಗಿ, ಸಪ್ಪೆಯಾಗಿ, ನಾರುನಾರಾಗಿತ್ತು. ಸರಿಯಾದ ಕ್ರಮ ತಿಳಿಸಿ.

ಉತ್ತರ: ನೀರಿನಲ್ಲಿ ಬೇಯಿಸಿದ್ದೇ ತಪ್ಪಾಯಿತು. ಹೆಚ್ಚಿದ ಗೆಣಸು ನೀರು ಕುಡಿಯುತ್ತದೆ, ತನ್ನ ಸಿಹಿಯನ್ನು ನೀರಿಗೆ ಬಿಡುತ್ತದೆ. ಸಿಪ್ಪೆ ಸಮೇತ ಇಡಿಯಾಗಿ ಓವನ್‌ನಲ್ಲಿ ಸುಡಿ. ಕಿತ್ತಳೆ ಬಣ್ಣದ ತಿರುಳಿನ ಗೆಣಸು ಸುಮಾರು 700 ಗ್ರಾಂ ತೆಗೆದುಕೊಂಡು, ಅಲ್ಲಲ್ಲಿ ಚುಚ್ಚಿ, 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದರಿಂದ ಒಂದೂಕಾಲು ಗಂಟೆ ಇಡಿ. ನಿಧಾನವಾಗಿ ಬಿಸಿಯೇರುವಾಗ ಗೆಣಸಿನೊಳಗಿನ ಕಿಣ್ವ ಪಿಷ್ಟವನ್ನು ಮಾಲ್ಟೋಸ್ ಸಕ್ಕರೆಯಾಗಿ ಒಡೆಯುತ್ತದೆ. ಸಿಪ್ಪೆ ಸುಕ್ಕುಗಟ್ಟಿ ತಿರುಳಿನಿಂದ ಬಿಟ್ಟುಕೊಂಡು, ಚುಚ್ಚಿದ ಕಡೆಯೆಲ್ಲ ಜೇನಿನಂಥ ಪಾಕ ಒಸರಿ ತಟ್ಟೆಯ ಮೇಲೆ ಕಪ್ಪಗೆ ಅಂಟಿದ್ದರೆ ಹದವಾಯಿತೆಂದು ತಿಳಿಯಿರಿ.

ನಾರಿಗೆ ಮದ್ದು ಜರಡಿ. ತಿರುಳು ಬಿಸಿಯಿರುವಾಗಲೇ ಚಮಚದ ಬೆನ್ನಿನಿಂದ ಒತ್ತಿ ಸೋಸಿ. ಕೈ ಬೀಟರ್ ಇದ್ದರೆ ಮೊದಲು ಅದರಲ್ಲಿ ಕಡೆಯಿರಿ, ಅರ್ಧದಷ್ಟು ನಾರು ಕಡ್ಡಿಗಳಿಗೇ ಸುತ್ತಿಕೊಂಡು ಬರುತ್ತದೆ. ಮಿಕ್ಸಿ ಬೇಡ, ಅದು ನಾರನ್ನು ತುಂಡರಿಸುತ್ತದೆಯೇ ಹೊರತು ತೆಗೆಯುವುದಿಲ್ಲ.

9 ಅಂಗುಲದ ಪೈಗೆ ಸೋಸಿದ ತಿರುಳು 450 ಗ್ರಾಂ, ಕರಗಿಸಿದ ಬೆಣ್ಣೆ 115 ಗ್ರಾಂ, ಸಕ್ಕರೆ 200 ಗ್ರಾಂ, ಹಾಲು 120 ಮಿ.ಲೀ., ಮೊಟ್ಟೆ 2, ಜಾಯಿಕಾಯಿ ಮತ್ತು ದಾಲ್ಚಿನ್ನಿ ಪುಡಿ ತಲಾ ಅರ್ಧ ಟೀ ಚಮಚ, ವೆನಿಲಾ 1 ಟೀ ಚಮಚ, ಚಿಟಿಕೆ ಉಪ್ಪು ಬೇಕು. ಮೊಟ್ಟೆಯನ್ನು ತಿರುಳು ಆರಿದ ಮೇಲೆ ಕೊನೆಗೆ ಸೇರಿಸಿ. ಜಾಯಿಕಾಯಿಯನ್ನು ಬಳಸುವ ಹೊತ್ತಿಗೇ ತುರಿದು ಹಾಕಿ. ಡಬ್ಬಿಯ ಹಳೇ ಪುಡಿಯಲ್ಲಿ ಆ ಘಮವೇ ಇರುವುದಿಲ್ಲ, ಈ ಪೈಗೆ ಅದೇ ಜೀವ. ಬಿಳಿ ತಿರುಳಿನ ಗೆಣಸಾದರೆ ಒಣಕಲು, ಹಾಲು ಎರಡು ಮೂರು ಚಮಚ ಹೆಚ್ಚಿಸಿ.

ಪ್ರಶ್ನೆ: ಹೂರಣ ಚೆನ್ನಾಗಿ ಬಂದರೂ ತಳದ ಹಿಟ್ಟು ಹಸಿಹಸಿ ಉಳಿಯುತ್ತದೆ. ಏಕೆ?

ಉತ್ತರ: ಹಸಿ ಹಿಟ್ಟಿನ ಮೇಲೆ ಒದ್ದೆ ಹೂರಣ ಸುರಿದರೆ ತಳ ಗರಿಯಾಗುವ ಮೊದಲೇ ನೆನೆದುಹೋಗುತ್ತದೆ. ತಳವನ್ನು ಮೊದಲೇ ಬೇಯಿಸಿಕೊಳ್ಳಿ. ಮೈದಾ 160 ಗ್ರಾಂ, ತಣ್ಣನೆಯ ಬೆಣ್ಣೆ 115 ಗ್ರಾಂ, ಸ್ವಲ್ಪ ಉಪ್ಪು, ಐಸ್ ನೀರು 3-4 ಟೇಬಲ್ ಚಮಚ. ಬೆಣ್ಣೆ ಬಟಾಣಿ ಗಾತ್ರದ ಚೂರುಗಳಾಗಿ ಉಳಿಯಲಿ, ನಾದಬೇಡಿ. ಒಂದು ಗಂಟೆ ಫ್ರಿಜ್‌ನಲ್ಲಿಟ್ಟು, 3 ಮಿ.ಮೀ. ದಪ್ಪಕ್ಕೆ ಲಟ್ಟಿಸಿ ಲೋಹದ ತಟ್ಟೆಗೆ ಹಾಸಿ. ಮತ್ತೆ ಅರ್ಧ ಗಂಟೆ ತಣಿಸಿ, ಇಲ್ಲದಿದ್ದರೆ ಅಂಚು ಕುಸಿಯುತ್ತದೆ. ಮೇಲೆ ಬೇಕಿಂಗ್ ಕಾಗದ ಹಾಸಿ ಒಣ ಕಾಳು ತುಂಬಿ 200 ಡಿಗ್ರಿಯಲ್ಲಿ 20 ನಿಮಿಷ, ಕಾಳು ತೆಗೆದು ಇನ್ನೂ 5-8 ನಿಮಿಷ ಬೇಯಿಸಿ. ಹೂರಣ ತುಂಬಿದ ಮೇಲೆ ಓವನ್‌ನ ಕೆಳಗಿನ ಅಂತಸ್ತಿನಲ್ಲಿಡಿ.

ಪ್ರಶ್ನೆ: ನಡುವೆ ಬಿರುಕು ಬಿಡುತ್ತದಲ್ಲ?

ಉತ್ತರ: ಹೆಚ್ಚು ಬೆಂದಿದೆ. 175 ಡಿಗ್ರಿಯಲ್ಲಿ 50-60 ನಿಮಿಷ ಸಾಕು. ತಟ್ಟೆ ಅಲ್ಲಾಡಿಸಿದಾಗ ಅಂಚು ಗಟ್ಟಿಯಾಗಿದ್ದು ನಡುಭಾಗ ಮಾತ್ರ ಗಟ್ಟಿ ಮೊಸರಿನಂತೆ ತುಸು ನಡುಗಬೇಕು. ಆಗ ತೆಗೆಯಿರಿ, ಒಳಗಿನ ಶಾಖದಲ್ಲೇ ಅದು ಹೊಂದಿಕೊಳ್ಳುತ್ತದೆ. ಅಂಚು ಬೇಗ ಕೆಂಪಾದರೆ ಫಾಯಿಲ್ ಸುತ್ತಿ. ಎರಡು ಗಂಟೆ ಆರುವವರೆಗೆ ಕತ್ತರಿಸಬೇಡಿ.

ಪ್ರಶ್ನೆ: ಮೊಟ್ಟೆ ಇಲ್ಲದೆ ಆಗುತ್ತದೆಯೇ?

ಉತ್ತರ: ಆಗುತ್ತದೆ. 3 ಟೇಬಲ್ ಚಮಚ ಕಾರ್ನ್‌ಫ್ಲೋರನ್ನು ತಣ್ಣನೆಯ ಹಾಲಿನಲ್ಲಿ ಗಂಟಿಲ್ಲದಂತೆ ಕದಡಿ ಬೆರೆಸಿ. ಮೊಟ್ಟೆಯ ಹಗುರತನ ಬರುವುದಿಲ್ಲ, ಸ್ವಲ್ಪ ಹಲ್ವದಂತಿರುತ್ತದೆ. ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟ ಮೇಲಷ್ಟೇ ಕೊಯ್ಯಿರಿ.