ಖಾಸಗಿ ಆಸ್ಪತ್ರೆ ಮೇಲೆ ದೂರು ಕೊಟ್ಟು ಐದು ತಿಂಗಳಾಯಿತು, ಕಚೇರಿ ಸುಮ್ಮನಿದೆ. ಆ ಕಚೇರಿಯನ್ನು ಕೇಳುವವರು ಯಾರು?

ಹೋದಾಗಲೆಲ್ಲ ‘ಪರಿಶೀಲನೆಯಲ್ಲಿದೆ’ ಅಂತಾರೆ ಎಂದು ಬರೆದಿದ್ದೀರಿ. ನಾನು ಮಂಡ್ಯದವನು, ಇದೇ ಮಾತನ್ನು ನಾಲ್ಕು ತಿಂಗಳು ಕೇಳಿದ್ದೇನೆ. ಕೇಳುವವರು ಇದ್ದಾರೆ. ಆದರೆ ಅವರ ಮುಂದೆ ಕಾಗದ ಇಡುವವರು ನಾವೇ ಆಗಬೇಕು.

ನಮ್ಮ ರಾಜ್ಯದಲ್ಲಿ ಖಾಸಗಿ ಆಸ್ಪತ್ರೆಗಳಿಗೆ 2007ರ ಕೆಪಿಎಂಇ ಕಾಯ್ದೆ, ಅಂದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದೆ. 2017ರ ತಿದ್ದುಪಡಿಯ ನಂತರ ಪ್ರತಿ ಜಿಲ್ಲೆಯಲ್ಲೂ ‘ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರ’ ಇರಬೇಕು. ಜಿಲ್ಲಾಧಿಕಾರಿ ಅದರ ಅಧ್ಯಕ್ಷರು, ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ) ಸದಸ್ಯ ಕಾರ್ಯದರ್ಶಿ. ಹೆಸರನ್ನೇ ಇನ್ನೊಮ್ಮೆ ಓದಿ. ಆಸ್ಪತ್ರೆಗೆ ನೋಂದಣಿ ಕೊಡುವುದೂ ಅವರೇ, ಅದರ ಮೇಲಿನ ದೂರು ಕೇಳುವುದೂ ಅವರೇ. ದೂರು ನಿಜವಾದರೆ ‘ಇಂಥ ಆಸ್ಪತ್ರೆಗೆ ನೋಂದಣಿ ಹೇಗೆ ಕೊಟ್ಟಿರಿ’ ಎಂಬ ಪ್ರಶ್ನೆ ಅವರ ಕಡೆಗೇ ತಿರುಗುತ್ತದೆ. ಫೈಲ್ ನಿಧಾನವಾಗಲು ಇದೂ ಒಂದು ಕಾರಣ ಅಂತ ನನಗೆ ಅನ್ನಿಸುತ್ತದೆ.

ನನ್ನ ಕತೆ ಇಷ್ಟು. ಅಮ್ಮನಿಗೆ ಪಿತ್ತಕೋಶದ ಆಪರೇಷನ್ ಆಯಿತು. ಬಿಲ್ ಹೇಳಿದ್ದಕ್ಕಿಂತ ತುಂಬ ಜಾಸ್ತಿ ಬಂತು. ಚಿಕಿತ್ಸೆಯ ದಾಖಲೆ, ಅಂದರೆ ಕೇಸ್ ಶೀಟ್ ಕೇಳಿದರೆ ಕೊಡಲಿಲ್ಲ. ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು ಎಂದು ವೈದ್ಯರ ನಡತೆಯ 2002ರ ನಿಯಮಗಳಲ್ಲೇ ಇದೆ. ಅದನ್ನೇ ಬರೆದು ದೂರು ಕೊಟ್ಟೆ. ಆಮೇಲೆ ಓಡಾಡಿದ್ದೇ ಓಡಾಡಿದ್ದು. ಒಂದು ದಿನ ಸಾಹೇಬರು ಮೀಟಿಂಗ್‌ನಲ್ಲಿ, ಇನ್ನೊಂದು ದಿನ ಕ್ಲರ್ಕ್ ರಜೆಯಲ್ಲಿ.

ಕೊನೆಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ‘ಏನು ಕ್ರಮ ಕೈಗೊಂಡಿದ್ದೀರಿ’ ಎಂದು ಕೇಳಲಿಲ್ಲ. ಹಾಗೆ ಕೇಳಿದರೆ ‘ಕ್ರಮ ಪ್ರಗತಿಯಲ್ಲಿದೆ’ ಎಂಬ ಒಂದು ಸಾಲು ಬರುತ್ತದೆ, ಅಷ್ಟೇ. ‘ನನ್ನ ದೂರಿನ ಕಡತವನ್ನು ಟಿಪ್ಪಣಿ ಹಾಳೆ ಸಮೇತ ನಾನೇ ಬಂದು ನೋಡಬೇಕು, ಪ್ರತಿ ಬೇಕು’ ಎಂದು ಕೇಳಿದೆ. ಟಿಪ್ಪಣಿ ಹಾಳೆ ಎಂದರೆ ಅಧಿಕಾರಿಗಳು ಷರಾ ಬರೆದು ಸಹಿ ಹಾಕುವ ಹಾಳೆ. ಕಡತ ನೋಡುವುದು 2005ರ ಮಾಹಿತಿ ಹಕ್ಕು ಕಾಯ್ದೆ ಕೊಟ್ಟ ಹಕ್ಕು. ಹತ್ತು ರೂಪಾಯಿ ಶುಲ್ಕ. ಕರ್ನಾಟಕದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಇದನ್ನು ಮರೆಯಬೇಡಿ, ಇದೇ ನೆಪದಲ್ಲಿ ವಾಪಸ್ ಕಳಿಸಬಹುದು. ಉತ್ತರಕ್ಕೆ 30 ದಿನ. ಕಾರಣವಿಲ್ಲದೆ ತಡ ಮಾಡಿದರೆ ಮಾಹಿತಿ ಆಯೋಗ ಆ ಅಧಿಕಾರಿಗೇ ದಿನಕ್ಕೆ 250 ರೂಪಾಯಿ, ಗರಿಷ್ಠ 25,000 ರೂಪಾಯಿ ದಂಡ ಹಾಕಬಹುದು.

ಫೈಲ್ ಬಿಚ್ಚಿದಾಗ ಹೊಟ್ಟೆ ಉರಿದುಹೋಯಿತು. ನನ್ನ ದೂರು, ಆಸ್ಪತ್ರೆಗೆ ಕಳಿಸಿದ ಒಂದು ನೋಟಿಸ್, ಅಷ್ಟೇ ಇದ್ದದ್ದು. ಆಸ್ಪತ್ರೆ ಉತ್ತರ ಕೊಟ್ಟಿಲ್ಲ, ಇವರು ನೆನಪೋಲೆಯನ್ನೂ ಕಳಿಸಿಲ್ಲ. ಟಿಪ್ಪಣಿ ಹಾಳೆಯ ಕೊನೆಯ ಸಹಿ ನಾನು ದೂರು ಕೊಟ್ಟ ಹನ್ನೊಂದನೇ ದಿನದ್ದು. ಅದರ ಕೆಳಗೆ ಖಾಲಿ. ಆ ಹಾಳೆಯ ಪ್ರತಿ ಲಗತ್ತಿಸಿ ಪ್ರಾಧಿಕಾರದ ಅಧ್ಯಕ್ಷರಿಗೆ ಬರೆದೆ. ‘ಯಾಕೆ ನಿಂತಿದೆ ಎಂದು ಲಿಖಿತ ಹಿಂಬರಹ (ಕಚೇರಿಯ ಉತ್ತರ) ಕೊಡಿ’ ಎಂದೆ. ಮೂರು ವಾರದಲ್ಲಿ ವಿಚಾರಣೆಗೆ ಕರೆದರು. ಕೇಸ್ ಶೀಟ್ ಸಿಕ್ಕಿತು. ಬಿಲ್ ವಿಷಯ ಇನ್ನೂ ಮುಗಿದಿಲ್ಲ.

ಇದು ನಮ್ಮಿಬ್ಬರ ದುಡ್ಡಿನ ವಿಷಯ ಮಾತ್ರ ಅಲ್ಲ. ಕಚೇರಿಗಳನ್ನು ಯಾರೂ ಕೇಳದಿದ್ದರೆ ಏನಾಗಬಹುದು ನೋಡಿ. 2023ರಲ್ಲಿ ನಮ್ಮ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನ್ ಮಾಡಿ ಹೆಣ್ಣು ಭ್ರೂಣ ಪತ್ತೆ ಮಾಡುತ್ತಿದ್ದ ಜಾಲ ಹೊರಬಂತಲ್ವಾ? ಗರ್ಭಪಾತ ಮೈಸೂರಿನಲ್ಲಿ ನಡೆಯುತ್ತಿತ್ತು. ಹಿಡಿದದ್ದು ಬೆಂಗಳೂರಿನ ಪೊಲೀಸರು. ಮುಂದಿನ ವರ್ಷ ಪಾಂಡವಪುರದಲ್ಲಿ ಆರೋಗ್ಯ ಇಲಾಖೆಯ ಕ್ವಾರ್ಟರ್ಸ್‌ನಲ್ಲೇ ಅಕ್ರಮ ಗರ್ಭಪಾತದ ಪ್ರಕರಣ ಸಿಕ್ಕಿತು. ನೋಂದಾಯಿತ ಸ್ಕ್ಯಾನಿಂಗ್ ಕೇಂದ್ರಗಳನ್ನು 90 ದಿನಕ್ಕೊಮ್ಮೆ ತಪಾಸಣೆ ಮಾಡಿ ವರದಿ ಇಡಬೇಕು ಎಂಬ ನಿಯಮ ಇದೆ. ಆ ವರದಿಗಳನ್ನು ನಾವು ಯಾರಾದರೂ ಒಮ್ಮೆ ಕೇಳಿದ್ದೇವಾ? ಈ ಪ್ರಶ್ನೆ ನನ್ನನ್ನು ಈಗಲೂ ಕಾಡುತ್ತದೆ.

ಇನ್ನೆರಡು ವಿಷಯ ಬೇಗ ಹೇಳಿಬಿಡುತ್ತೇನೆ. ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್‌ನಂಥ ಸರ್ಕಾರಿ ಆಸ್ಪತ್ರೆಗಳು ಕೆಪಿಎಂಇ ಕಾಯ್ದೆಗೆ ಸೇರುವುದಿಲ್ಲ. ಅಲ್ಲಿಯ ದೂರು ವೈದ್ಯಕೀಯ ಶಿಕ್ಷಣ ಇಲಾಖೆಗೆ ಹೋಗಬೇಕು. ಇಲಾಖೆಯ ಅಧಿಕಾರಿಗಳು ಕೆಲಸ ಮಾಡದಿದ್ದರೆ ಲೋಕಾಯುಕ್ತ ಇದೆ. ಇನ್ನು, ವೈದ್ಯರ ತಪ್ಪು ಎಂದಾದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಬೇರೆಯೇ ದೂರು ಕೊಡಿ.

ಪರಿಹಾರದ ದುಡ್ಡು ಬೇಕಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಅದಕ್ಕೆ ಎರಡು ವರ್ಷದ ಗಡುವು ಇದೆ. ಕಚೇರಿಯವರು ‘ಕಾಯಿರಿ’ ಅಂದರು ಎಂದು ಆ ಗಡುವು ನಿಲ್ಲುವುದಿಲ್ಲ. ನಿಮಗೆ ಆಗಲೇ ಐದು ತಿಂಗಳು ಹೋಗಿದೆ.

ನಿಮ್ಮ ದೂರಿನ ಪ್ರತಿಯ ಮೇಲೆ ಸೀಲು, ಇನ್‌ವರ್ಡ್ ನಂಬರ್ (ಕಚೇರಿ ಸ್ವೀಕರಿಸಿದ ಸಂಖ್ಯೆ) ಇದೆಯಾ ನೋಡಿ. ಇಲ್ಲದಿದ್ದರೆ ಅದೇ ದೂರನ್ನು ನಾಳೆಯೇ ಸ್ಪೀಡ್ ಪೋಸ್ಟ್‌ನಲ್ಲಿ ಮತ್ತೆ ಕಳಿಸಿ, ರಸೀದಿ ಜೋಪಾನ ಮಾಡಿ. ಇದ್ದರೆ ಆ ನಂಬರ್ ಹಾಕಿ ಕಡತ ನೋಡಲು ಅರ್ಜಿ ಬರೆಯಿರಿ. ಅರ್ಜಿಯ ಮಾತು ಹೇಗಿರಬೇಕು ಎಂದು ಗೊಂದಲವಾದರೆ ಇಲ್ಲೇ ಕೇಳಿ, ನಾನು ಬರೆದದ್ದನ್ನು ಹಾಕುತ್ತೇನೆ.